ಗೊದಮೊಟ್ಟೆಗಳಿಗೆ ಸಿಳ್ಳೆ ಕೇಳಿಸದ ಮಳೆಗಾಲ

ಕಳೆದ ವಾರ ಕಡೂರಿನ ಜಾನುವಾರು ಔಷಧಿ ಅಂಗಡಿಯೊಂದರಲ್ಲಿ ನಿಂತಿದ್ದೆ. ನನಗಿಂತ ಮುಂಚೆ ಬಂದಿದ್ದವರು ಕುರಿ ಮೈಯ ಉಣುಗಿಗೆ ಹಚ್ಚುವ ಔಷಧಿಯ ಸೀಸೆ ಕೈಗೆ ತೆಗೆದುಕೊಂಡು ಮುಚ್ಚಳ ಸಡಿಲ ಇದೆ ಎಂದು ತಿರುಗಿಸಿ ನೋಡಿದರು. ಸೀಮೆಎಣ್ಣೆಯಂಥದ್ದೇ, ಆದರೆ ಗಂಟಲಿಗೆ ಹಿಡಿಯುವ ಆ ವಾಸನೆ ಬಂದದ್ದೇ ನಾನು ಅಂಗಡಿಯ ಮೆಟ್ಟಿಲು ಇಳಿದು ರಸ್ತೆಗೆ ಬಂದುಬಿಟ್ಟೆ. ಅಂಗಡಿಯವರು ಒಳಗಿಂದ ಕೂಗಿದರು: "ಯಾಕ್ರೀ ರೇವಣ್ಣ, ತಲೆ ಸುತ್ತು ಬಂತಾ?" ಇಲ್ಲ ಎಂದೆ. ಬಂದದ್ದು ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ. ಅದನ್ನು ಬರೆದಿಡು ಎಂದು ನನ್ನ ತಂಗಿ ಆಗಾಗ ಹೇಳುತ್ತಲೇ ಇದ್ದಳು. ಏಳನೇ ಕ್ಲಾಸಿಗೆ ನಿಂತವನ ಬರವಣಿಗೆ ಇದು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮೂರು ಯಗಟಿಯಿಂದ ಒಳಕ್ಕೆ. ಕೆಂಪು ನೆಲ, ರಾಗಿ ಹೊಲ, ಅಲ್ಲಲ್ಲಿ ತೆಂಗು, ಮಿಕ್ಕಿದ್ದೆಲ್ಲ ಕುರಿ ಮೇಯುವ ಕಾವಲು. ನನ್ನ ಹತ್ತಿರ ಆಗ ಅರವತ್ತು ಕುರಿ. ತಂಗಿ ಸುಧಾ ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಅವಳು ಓದಿದಳು, ಎಷ್ಟು ಓದಿದಳೆಂದರೆ ನಮ್ಮ ಕಡೆಯವರಿಗೆ ಅದಕ್ಕೆ ಹೆಸರು ಹೇಳಲು ಬರುತ್ತಿರಲಿಲ್ಲ. "ಏನು ಕೆಲಸ ಮಾಡ್ತಾಳೆ ನಿನ್ ತಂಗಿ?" ಎಂದು ಕೇಳಿದರೆ "ಕಪ್ಪೆ ಮೇಲೆ ಓದ್ತಾಳೆ" ಎನ್ನುತ್ತಿದ್ದೆ. ಅಣ್ಣ ತಂಗಿಗೋಸ್ಕರ ಶಾಲೆ ಬಿಟ್ಟು ಕುರಿ ಹಿಂದೆ ಹೋದ ಎಂದು ಊರಿನಲ್ಲಿ ಎಲ್ಲರೂ ಹೇಳುವರು. ನಾನು ಇಲ್ಲ ಎನ್ನುತ್ತಿರಲಿಲ್ಲ.

ಆ ವರ್ಷ ರೋಹಿಣಿ ಮಳೆ ಬಿದ್ದ ಮೂರನೇ ದಿನಕ್ಕೆ ಅವಳು ಬಲೆ, ಬಕೆಟ್ಟು, ಒಂದು ಚೀಲ ತುಂಬ ಸಣ್ಣ ಸಣ್ಣ ಸೀಸೆ ಹೇರಿಕೊಂಡು ಸ್ಕೂಟಿಯಲ್ಲಿ ಮನೆಗೆ ಬಂದಳು. ಎರಡು ತಿಂಗಳು ಇಲ್ಲೇ ಇರುತ್ತೇನೆ ಎಂದಳು. ಅವಳ ಕೆಲಸಕ್ಕೆ ಮೂರು ಕಟ್ಟೆ ಬೇಕಿತ್ತು. ಒಂದು ತರೀಕೆರೆ ಕಡೆಯದು, ತೋಟದ ಕಾಲುವೆಯ ನೀರು ಬಂದು ನಿಲ್ಲುವಂಥದ್ದು. ಎರಡನೆಯದು ಅಜ್ಜಂಪುರದ ಈರುಳ್ಳಿ ಹೊಲಗಳ ಕೆಳಗಿನದು. ಮೂರನೆಯದು ನಮ್ಮೂರಿನದೇ, ದಡದ ನೀರಿನಲ್ಲಿ ಕರಿ ಬಂಡೆ ನಿಂತಿರುವ ಕರಿಕಲ್ಲು ಕಟ್ಟೆ.

"ನಮ್ ಕಟ್ಟೆಲಿ ಏನೈತೇ? ಅದು ಸುಮ್ನೆ ಮಳೆನೀರು."

"ಅದಕ್ಕೇ ಕಣೋ ಅಣ್ಣ ಬೇಕಾಗಿರೋದು. ಇದು ದಿಬ್ಬದ ಮೇಲೈತೆ. ಯಾವ ಹೊಲದ ನೀರೂ ಇದಕ್ಕೆ ಇಳಿಯಲ್ಲ. ಆ ಎರಡನ್ನೂ ಇದರ ಪಕ್ಕ ಇಟ್ಟು ನೋಡ್ಬೇಕು ನಾನು. ಇದು ಕೆಟ್ಟರೆ ಇಡೀ ಕೆಲಸ ಕೆಡ್ತು."

ಆ ಕೊನೆಯ ಮಾತನ್ನು ಅವಳು ನನ್ನ ಮುಖ ನೋಡಿಯೇ ಹೇಳಿದ್ದಳು.

ಒಂದು ಬೆಳಿಗ್ಗೆ ಕಟ್ಟೆಯ ಏರಿ ಮೇಲೆ ಕೂತು ಅವಳು ನನಗೆ ತಿಳಿಸಿ ಹೇಳಿದಳು. ಬಿಳಿ ತಟ್ಟೆಯ ನೀರಿನಲ್ಲಿ ಗೊದಮೊಟ್ಟೆಗಳು ಕರಿ ಅಲ್ಪವಿರಾಮದ ಹಾಗೆ ಓಡಾಡುತ್ತಿದ್ದವು. ಇವಕ್ಕೆ ಮೊದಲು ಹಿಂಗಾಲು ಬರಬೇಕು, ಆಮೇಲೆ ಮುಂಗಾಲು, ಆಮೇಲೆ ಬಾಲ ಕರಗಬೇಕು. ಈ ಎಲ್ಲ ಕೆಲಸಕ್ಕೂ ಬೇಕಾದ ಅಪ್ಪಣೆ ಮೊಟ್ಟೆಯೊಳಗೇ ಬರೆದಿರುತ್ತದೆ, ಅದಕ್ಕೆ ಜೀನ್ ಅನ್ನುತ್ತಾರೆ. ಆದರೆ ಬರೆದಿದ್ದೆಲ್ಲ ಒಟ್ಟಿಗೆ ಕೆಲಸಕ್ಕೆ ಏಳುವುದಿಲ್ಲ. ಯಾವುದು ಯಾವಾಗ ಏಳಬೇಕು, ಯಾವುದು ಮಲಗಿರಬೇಕು ಎಂಬುದಕ್ಕೆ ಒಂದು ಕ್ರಮ ಇದೆ. ನನಗೆ ತಲೆಗೆ ಹೋಗಲಿಲ್ಲ. ಅವಳು ಕಾವಲಿನ ಕಡೆ ಕೈ ತೋರಿಸಿದಳು.

"ನಿನ್ ಕುರಿಗೆ ನೀನು ಒಂದು ಸಿಳ್ಳೆ ಹಾಕಿದ್ರೆ ನೀರಿಗೆ ತಿರುಗ್ತಾವೆ. ಉದ್ದ ಹಾಕಿದ್ರೆ ರಾತ್ರಿ ಮಲಗೋ ರೊಪ್ಪಕ್ಕೆ ತಿರುಗ್ತಾವೆ. ಹೌದೋ ಇಲ್ವೋ?"

"ಹೂಂ."

"ಈ ಗೊದಮೊಟ್ಟೆ ಕುತ್ತಿಗೆ ಹತ್ರ ಒಂದು ಗ್ರಂಥಿ ಐತೆ. ಅದು ಸಿಳ್ಳೆ ಹಾಕುತ್ತೆ. ಕಾಲಿನ ಜೀನು ಏಳ್ತದೆ, ಕಾಲು ಬರ್ತದೆ. ಈಗ ಕುರಿ ಕಿವಿಗೆಲ್ಲ ಯಾರೋ ಹತ್ತಿ ಇಟ್ರು ಅಂದ್ಕೋ."

"ಕುರಿ ನಿಂತಲ್ಲೇ ನಿಲ್ತಾವೆ."

"ಕುರಿ ಬದಲಾಗಿಲ್ಲ. ನಿನ್ ಸಿಳ್ಳೆನೂ ಬದಲಾಗಿಲ್ಲ. ನಡುವೆ ಹತ್ತಿ ಬಂತು. ನೀರಿಗೆ ಬೀಳೋ ಔಷಧಿ ಕೆಲವು ಹತ್ತಿ ಥರ. ಕೆಲವು ಹೊತ್ತಲ್ಲದ ಹೊತ್ತಲ್ಲಿ ಸಿಳ್ಳೆ ಹಾಕ್ತಾವೆ. ಬೆಳೆದ ಕಪ್ಪೆಗೆ ಅಷ್ಟು ತೊಂದರೆ ಆಗ್ದೆ ಹೋಗ್ಬೋದು. ಬೆಳೀತಿರೋ ಮರಿಗೆ ಆ ಹೊತ್ತು ತಪ್ಪಿದ್ರೆ ತಪ್ಪಿತು."

ಆವತ್ತಿನಿಂದ ಅವಳ ಕೆಲಸ ನನಗೂ ಸ್ವಲ್ಪ ಸ್ವಂತದ್ದಾಯಿತು. ಒಂದು ದಿನ ಅಜ್ಜಂಪುರಕ್ಕೆ ಬಕೆಟ್ಟು ಹೊರಲು ನಾನೇ ಹೋದೆ. ಅಲ್ಲಿನ ಕಟ್ಟೆಯ ಗೊದಮೊಟ್ಟೆಗಳು ನಮ್ಮವುಗಳ ವಯಸ್ಸಿನವೇ, ಆದರೆ ನಮ್ಮವುಗಳಲ್ಲಿ ಕೆಲವಕ್ಕೆ ಬಂದಿದ್ದ ಹಿಂಗಾಲಿನ ಮೊಳಕೆ ಅಲ್ಲಿ ಒಂದಕ್ಕೂ ಇರಲಿಲ್ಲ. ದಡದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು "ಏನವ್ವ, ಮೀನು ಸಿಕ್ತಾ?" ಎಂದರು. "ಕಾಲು ಹುಡುಕ್ತಿದೀವಿ ಕಣಕ್ಕಾ" ಎಂದಳು ಸುಧಾ. ಅವರು ನಕ್ಕರು. ವಾಪಸು ಬರುವಾಗ ನನಗೆ ನಮ್ಮ ಕಟ್ಟೆಯ ಮೇಲೆ ಒಂಥರಾ ಹೆಮ್ಮೆ.

ಹಾಗಾಗಿ ಅವಳು "ಔಷಧಿ ಹಚ್ಚಿದ ಕುರಿ ಎರಡು ತಿಂಗಳು ಕಟ್ಟೆಗೆ ಇಳಿಯೋದು ಬೇಡ, ಕುಡಿಯೋಕೆ ಬೇಕಾದ್ರೆ ದಡಕ್ಕೆ ಬರ್ಲಿ" ಎಂದಾಗ ಊರಿನ ಕುರಿಗಾರರಿಗೆಲ್ಲ ಆ ಮಾತು ಮುಟ್ಟಿಸಿದವನು ನಾನೇ. ಪಕ್ಕದ ರೊಪ್ಪದ ಮುದುಕ ತಿಪ್ಪಣ್ಣ ಮಾತ್ರ ಕುಟುಕಿದ.

"ಲೇ ರೇವಣ್ಣ, ನಮ್ ತಾತನ ಕಾಲದಿಂದ ಉಣ್ಣೆ ಕತ್ತರಿಸೋಕೆ ಮುಂಚೆ ಕುರಿ ತೊಳೆಯೋದು ಅದೇ ಕಟ್ಟೆಲಿ. ಈಗ ಕಪ್ಪೆ ಬಾಣಂತನಕ್ಕೆ ನಾವು ದಾರಿ ಬಿಡ್ಬೇಕೇನೋ?"

"ಎರಡು ತಿಂಗಳು ತಾನೇ ಕಣಜ್ಜ."

"ಆಗ್ಲಪ್ಪ. ನಿನ್ ತಂಗಿ ಅಂತ ಬಿಟ್ಟೆ."

ತಿಪ್ಪಣ್ಣ ಗೊಣಗಿದರೂ ಮಾತು ಉಳಿಸಿಕೊಂಡ. ಮುರಿದವನು ನಾನು.

ಮೃಗಶಿರದ ಮಳೆ ಹೆಚ್ಚಾಗಿ ಆ ವರ್ಷ ಉಣುಗು ವಿಪರೀತ. ಕುರಿಗಳ ಕಿವಿ ಸಂದಿ, ತೊಡೆ ಸಂದಿ ಎಲ್ಲ ಹುಣಸೆಬೀಜ ಅಂಟಿಸಿದ ಹಾಗೆ. ಔಷಧಿ ತಂದು, ಬಕೆಟ್ಟಿನಲ್ಲಿ ಕಲಸಿ, ಗೋಣಿ ತುಂಡಿನಿಂದ ಅರವತ್ತಕ್ಕೂ ಹಚ್ಚಿದೆ. ಅರ್ಧ ಬಕೆಟ್ ಉಳಿಯಿತು. ಎರಡನೇ ಸಲ ಹಚ್ಚಲು ಇರಲಿ ಎಂದು ರೊಪ್ಪದ ಹೊರಗಿನ ಬೇಲಿ ಬುಡದಲ್ಲಿಟ್ಟು, ಮೇಲೊಂದು ಕಲ್ಲು ಚಪ್ಪಡಿ ಮುಚ್ಚಿದೆ. ಉಣ್ಣೆ ಕತ್ತರಿಸುವವರು ಹಿರಿಯೂರು ಕಡೆಯಿಂದ ಬರುವ ಇಬ್ಬರು ಅಣ್ಣತಮ್ಮಂದಿರು. ಅವರ ಸರದಿ ನಮಗೆ ಇನ್ನೂ ಹದಿನೈದು ದಿನಕ್ಕಿತ್ತು. ನಾಲ್ಕನೇ ದಿನ ಸಂಜೆ ಫೋನು ಬಂತು, ನಾಳೆ ಬೆಳಿಗ್ಗೆಯೇ ಬರುತ್ತೇವೆ, ತಪ್ಪಿದರೆ ಇನ್ನು ದೀಪಾವಳಿ ಹೊತ್ತಿಗೆ ಎಂದರು. ಕೊಳಕು ಉಣ್ಣೆಗೆ ಅವರು ಕತ್ತರಿ ಹಾಕುವುದಿಲ್ಲ, ಔಷಧಿ ವಾಸನೆ ಇದ್ದರೆ ಕೈ ಉರಿಯುತ್ತದೆಂದು ಕುರಿಯನ್ನೇ ಮುಟ್ಟುವುದಿಲ್ಲ. ಬೆಳಿಗ್ಗೆ ಎದ್ದರೆ ಕರೆಂಟಿಲ್ಲ, ಬೋರಿನ ತೊಟ್ಟಿ ತಳ ಕಾಣುತ್ತಿತ್ತು. ಸುಧಾ ಆವತ್ತು ತರೀಕೆರೆಗೆ ಹೊರಟುಹೋಗಿದ್ದಳು.

ಆರಿದ್ರ ಮಳೆಯ ಎರಡನೇ ಪಾದ, ಮಂಗಳವಾರ. ಅರವತ್ತು ಕುರಿಗಳನ್ನೂ ಕರಿಕಲ್ಲು ಕಟ್ಟೆಗೆ ಇಳಿಸಿದೆ. ಸಿಳ್ಳೆ ಹಾಕಿದೆ, ಇಳಿದವು. ಒಂದೊಂದನ್ನೇ ಹಿಡಿದು ಮುಳುಗಿಸಿ ಉಜ್ಜಿದೆ. ನೀರಿನ ಮೇಲೆ ಒಂದು ತೆಳ್ಳಗಿನ ಎಣ್ಣೆ ಪದರ ಬಣ್ಣಬಣ್ಣವಾಗಿ ಹರಡಿದ್ದು ನೋಡಿದೆ. ಇಷ್ಟು ದೊಡ್ಡ ಕಟ್ಟೆಯಲ್ಲಿ ಇಷ್ಟು ಏನು ಮಹಾ ಎಂದುಕೊಂಡೆ.

ಮೂರನೇ ದಿನ ಸುಧಾ ಬಲೆ ಹಾಕಿದಳು. ನಾನು ಏರಿಯ ಈಚೆ ಕುರಿ ನಿಲ್ಲಿಸಿಕೊಂಡು ನೋಡುತ್ತಿದ್ದೆ. ತಟ್ಟೆಗೆ ಸುರಿದ ಗೊದಮೊಟ್ಟೆಗಳಲ್ಲಿ ಕೆಲವು ಬಾಲ ಸುರುಳಿ ಸುತ್ತಿಕೊಂಡು ಒಂದೇ ಕಡೆ ತಿರುಗುತ್ತಿದ್ದವು. ಕೆಲವು ಹೊಟ್ಟೆ ಮೇಲಾಗಿದ್ದವು. ಅವಳು ಬದುಕಿದ್ದ, ಇನ್ನೂ ಕಾಲಿನ ಮೊಳಕೆ ಬಾರದ ಒಂದು ಹನ್ನೆರಡನ್ನು ಬಕೆಟ್ಟಿನಲ್ಲಿ ಮನೆಗೆ ತಂದು, ಬೇಸಿನ್‌ನಲ್ಲಿ ಇಟ್ಟಿದ್ದ ಬೋರಿನ ನೀರಿಗೆ ಬಿಟ್ಟು ಜಗಲಿ ಮೇಲೆ ಇಟ್ಟಳು. ಅವ್ವ "ಏನಾಯ್ತೇ?" ಎಂದರೆ, "ನಂದೇ ತಪ್ಪು ಕಣವ್ವ" ಎಂದಳು.

ಅವಳು ಏನು ತಿಳಿದುಕೊಂಡಿದ್ದಳೆಂದರೆ, ಅಜ್ಜಂಪುರದಲ್ಲಿ ಬಳಸಿದ ಬಲೆ, ಬೂಟು ತಾನು ಸರಿಯಾಗಿ ತೊಳೆಯದೆ ಇಲ್ಲಿಗೆ ತಂದದ್ದರಿಂದ ಅಲ್ಲಿನ ವಿಷ ಇಲ್ಲಿಗೆ ಬಂತು ಅಥವಾ ಅಲ್ಲಿನ ರೋಗ ಬಂತು. ನನ್ನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು. ತನಗೆ ಕಲಿಸುವ ಮೇಡಮ್ಮಿಗೆ ಫೋನಿನಲ್ಲಿ "ಹೌದು ಮೇಡಂ, ನನ್ನ ಅಜಾಗ್ರತೆ. ಈ ವರ್ಷದ್ದು ಬಿಡಬೇಕಾಗುತ್ತೆ" ಎನ್ನುತ್ತಿದ್ದುದು ಅಡುಗೆಮನೆಯಿಂದ ನನಗೆ ಕೇಳಿಸಿತು. ಈ ವರ್ಷದ್ದು ಬಿಟ್ಟರೆ ಮುಂದಿನ ಮುಂಗಾರಿನವರೆಗೆ ಕಾಯಬೇಕು, ಅಷ್ಟು ಹೊತ್ತಿಗೆ ಅವಳ ಓದಿನ ಗಡುವು ಮುಗಿಯುತ್ತಿತ್ತು. ಓದನ್ನೇ ಬಿಡಬೇಕಾಗಬಹುದು ಎಂದು ಅವ್ವನ ಹತ್ತಿರ ಹೇಳಿಕೊಂಡಳಂತೆ. ನಾನು ಆಗಲೂ ಬಾಯಿ ಬಿಡಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಊರಿನವರ ಮಾತು ಅಡ್ಡ ಬರುತ್ತಿತ್ತು, ತಂಗಿಗೋಸ್ಕರ ಶಾಲೆ ಬಿಟ್ಟವನು. ಆ ಹೆಸರನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಹತ್ತು ದಿನ ಹಾಗೆಯೇ ಕಳೆಯಿತು. ಅವಳು ಪ್ರತಿ ಸಂಜೆ ಹಿತ್ತಿಲ ಕಲ್ಲಿನ ಮೇಲೆ ಕೂತು ಬಲೆ, ಬೂಟು, ಬಕೆಟ್ಟು ಎಲ್ಲವನ್ನೂ ಬ್ಲೀಚಿಂಗ್ ನೀರಿನಲ್ಲಿ ಉಜ್ಜಿದ್ದನ್ನೇ ಉಜ್ಜುತ್ತಿದ್ದಳು. ಒಂದು ಸಂಜೆ ಊಟಕ್ಕೆ ಕೂತಾಗ ಮುದ್ದೆ ಮುರಿಯಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡಳು. ಬೆರಳ ತುದಿ ಎಲ್ಲ ಸುಲಿದು ಕೆಂಪಗಾಗಿತ್ತು. ಬಿಸಿ ತಾಗಿ ಉರಿದಿತ್ತು.

"ಇನ್ನು ಉಜ್ಜಬೇಡ ಸುಧಾ" ಎಂದೆ.

"ಎಲ್ಲಿ ತಪ್ಪಿತು ಅಂತ ಗೊತ್ತಾಗ್ಬೇಕು ಅಣ್ಣ."

"ಬಲೆದಲ್ಲ. ನಂದು. ಕುರಿ ಇಳಿಸ್ದೆ ನಾನು. ಔಷಧಿ ಹಚ್ಚಿದ್ದವು."

ಅವ್ವ ಸಾರಿನ ಸೌಟು ಹಿಡಿದುಕೊಂಡು ಹಾಗೇ ನಿಂತಳು. ಸುಧಾ ತಲೆ ಎತ್ತಿದಾಗ ಅವಳ ಕಣ್ಣಲ್ಲಿ ಸಿಟ್ಟಿಗಿಂತ ಬೇರೆ ಏನೋ ಲೆಕ್ಕ ಓಡುತ್ತಿತ್ತು.

"ಹಚ್ಚಿ ಎಷ್ಟು ದಿನಕ್ಕೆ ಇಳಿಸ್ದೆ?"

"ಐದನೇ ದಿನಕ್ಕೆ."

"ಐದು ದಿನ ಮೈಮೇಲೆ ಒಣಗಿದ್ದು ಇಷ್ಟು ಮಾಡಲ್ಲ. ಇನ್ನೇನೈತೆ ಹೇಳು."

ನಾನು ಹೇಳಬಾರದು ಎಂದಿದ್ದದ್ದು ಅದು. ಆ ಅರ್ಧ ಬಕೆಟ್. ಔಷಧಿ ಕಲಸಿದ ಬಕೆಟ್ಟನ್ನು ಹಟ್ಟಿಯೊಳಗೆ ತರಬಾರದು, ರೊಪ್ಪದ ಹತ್ತಿರವೂ ಚೆಲ್ಲಬಾರದು ಎಂಬುದು ಅವ್ವನ ಕಟ್ಟಪ್ಪಣೆ. ಹಿಂದೊಮ್ಮೆ ಮರಿಯೊಂದು ಚೆಲ್ಲಿದ ಔಷಧಿ ನೆಕ್ಕಿ ಸತ್ತಿತ್ತು. ಅಂದಿನಿಂದ ಊರಿನಲ್ಲಿ ಎಲ್ಲರೂ ಉಳಿದ ಔಷಧಿಯನ್ನು ದೂರ, ಹೆಚ್ಚು ನೀರಿರುವ ಕಡೆ ಬಿಟ್ಟು, ಬಕೆಟ್ಟನ್ನು ಮೂರು ಸಲ ಜಾಲಿಸಿ ತರುತ್ತಾರೆ. ಮರಿ ಕಾಪಾಡುವ ಒಳ್ಳೆಯ ಪದ್ಧತಿ ಎಂದೇ ತಿಳಿದಿದ್ದೆವು. ಕುರಿ ತೊಳೆದ ಮೇಲೆ, ಉಣ್ಣೆ ತೆಗೆದರೆ ಎರಡನೇ ಸಲ ಹಚ್ಚುವ ಕೆಲಸವಿಲ್ಲವೆಂದು, ಆ ಅರ್ಧ ಬಕೆಟ್ಟನ್ನೂ ನಾನು ಕಟ್ಟೆಗೇ ಸುರಿದು ಮೂರು ಸಲ ಜಾಲಿಸಿದ್ದೆ. ಅದನ್ನೂ ಹೇಳಿದೆ.

"ಕುರಿ ಮರಿ ಕಾಪಾಡೋಕೆ ಹೋಗಿ ಕಪ್ಪೆ ಮರಿ ತಲೆಗೆ ಸುರಿದೆ" ಎಂದಳು ಸುಧಾ. "ಇನ್ನೇನಾದ್ರೂ ಉಳ್ಕೊಂಡೈತಾ? ಇದ್ರೆ ಇವತ್ತೇ ಹೇಳ್ಬಿಡು."

"ಏಳನೇ ಕ್ಲಾಸು ನಿನಗೋಸ್ಕರ ಬಿಟ್ಟಿದ್ದಲ್ಲ. ಲೆಕ್ಕದ ಮೇಷ್ಟ್ರಿಗೆ ಹೆದರಿ ಬಿಟ್ಟೆ."

ಅವಳಿಗೆ ನಗು ಬಂದುಬಿಟ್ಟಿತು, ಅಳುವಿನ ಜೊತೆಗೇ. "ಅದು ನಂಗೆ ಯಾವಾಗ್ಲೋ ಗೊತ್ತು ಕಣೋ. ಅವ್ವನೇ ಹೇಳಿದ್ಲು." ಅವ್ವ ಸೌಟು ಇಟ್ಟು "ಊರಿಗೆಲ್ಲ ಹೇಳಿಲ್ಲ ತಗೋ" ಎಂದಳು.

ಆದರೆ ಕ್ಷಮಿಸಿದೆ ಎಂದು ಸುಧಾ ಹೇಳಲಿಲ್ಲ. ಎರಡು ದಿನ ನಾನು ಮುಂದೆ ಹೋದರೆ ಎದ್ದು ಹೋಗುವಳು. ಮೂರನೇ ಬೆಳಿಗ್ಗೆ ಒಂದು ನೋಟ್‌ಬುಕ್ಕು ಹಿಡಿದುಕೊಂಡು ರೊಪ್ಪಕ್ಕೆ ಬಂದಳು. ಒಂದು ಕಲ್ಲಿನ ಮೇಲೆ ಕೂತು ಪೆನ್ನು ತೆರೆದಳು.

"ಯಾವ ದಿನ?"

"ಆರಿದ್ರ ಎರಡನೇ ಪಾದ, ಮಂಗಳವಾರ. ಹೊತ್ತು ಮಾರುದ್ದ ಏರಿತ್ತು."

"ಯಾವ ಔಷಧಿ?"

ರೊಪ್ಪದ ಗೋಡೆ ಸಂದಿಯಿಂದ ಖಾಲಿ ಸೀಸೆ ತೆಗೆದುಕೊಟ್ಟೆ. ಎಷ್ಟು ಮುಚ್ಚಳ ಕಲಸಿದೆ, ಎಷ್ಟು ನೀರು, ಕಟ್ಟೆಯ ಯಾವ ಬದಿಯಿಂದ ಇಳಿಸಿದೆ, ಆವತ್ತು ನೀರು ಕರಿಕಲ್ಲಿನ ಎಷ್ಟು ಎತ್ತರಕ್ಕಿತ್ತು, ಎಲ್ಲ ಕೇಳಿದಳು. ಎಲ್ಲಕ್ಕೂ ನನ್ನಲ್ಲಿ ಉತ್ತರ ಇತ್ತು. ತಪ್ಪು ಮಾಡಿದ ದಿನ ಯಾರಿಗೆ ಮರೆಯುತ್ತದೆ? ಬರೆದು ಮುಗಿಸಿ ಅವಳು ಪೆನ್ನು ಮುಚ್ಚಿದಳು.

"ಆ ಎರಡು ಕಟ್ಟೆಗೆ ಯಾರು, ಯಾವಾಗ, ಏನು ಬಿಟ್ರು ಅಂತ ಹೇಳೋರು ಒಬ್ರೂ ಇಲ್ಲ ಅಣ್ಣ. ಇಲ್ಲಿ ನೀನಿದೀಯ. ಅದಕ್ಕಿಂತ ಹಿಂದಿನ ವಾರ ಹಿಡಿದ ಗೊದಮೊಟ್ಟೆ ನನ್ನ ಹತ್ರ ಮಂಜುಗಡ್ಡೆಲಿ ಇದಾವೆ. ಒಂದೇ ಕಟ್ಟೆ, ಮುಂಚೆ ಮತ್ತೆ ಆಮೇಲೆ. ಹೊಸಾ ಥರ ನೋಡ್ಬೋದು." ನನ್ನ ಮುಖ ಅರಳಿದ್ದು ಕಂಡಿರಬೇಕು. ತಕ್ಷಣ ಬೆರಳು ತೋರಿಸಿದಳು. "ನಿನ್ ತಪ್ಪು ಉಪಯೋಗಕ್ಕೆ ಬಂತು ಅಂತ ಖುಷಿ ಪಟ್ಟೆ ಅಂದ್ರೆ ನೋಡು. ಸತ್ತವು ಸತ್ತವೇ."

ಖುಷಿ ಪಡಲಿಲ್ಲ. ಆದರೆ ಜಗಲಿಯ ಬೇಸಿನ್ ಮುಂದೆ ದಿನಾ ಕೂರುವುದನ್ನು ಬಿಡಲೂ ಇಲ್ಲ. ಬೇಯಿಸಿದ ಸೊಪ್ಪು ಚೂರು ಹಾಕುವುದು, ಎರಡು ದಿನಕ್ಕೊಮ್ಮೆ ನೀರು ಬದಲಿಸುವುದು ನನ್ನ ಪಾಲಿಗೆ ಬಂತು. ಬರಬೇಕಾದ ಹೊತ್ತು ದಾಟಿ ಎಷ್ಟೋ ದಿನ ಆದರೂ ಅವಕ್ಕೆ ಕಾಲು ಬರಲಿಲ್ಲ. ಪುನರ್ವಸು ಮಳೆ ಹಿಡಿದ ಒಂದು ಬೆಳಿಗ್ಗೆ ಬಾಲದ ಬುಡದಲ್ಲಿ ಸಾಸಿವೆ ಕಾಳಿನಷ್ಟು ಮೊಳಕೆ ಕಂಡಿತು. ಒಂದಕ್ಕಲ್ಲ, ಏಳಕ್ಕೆ. ನಾನು ಕೂಗಿದ ಕೂಗಿಗೆ ತಿಪ್ಪಣ್ಣ ಕೂಡ ಪಕ್ಕದಿಂದ ಓಡಿಬಂದ.

"ಏನಪ್ಪಾ, ಹಾವಾ?"

"ಕಾಲು ಕಣಜ್ಜ, ಕಾಲು!"

ತಿಪ್ಪಣ್ಣ ಬಗ್ಗಿ ನೋಡಿ, "ಇಷ್ಟಕ್ಕೆ ಇಷ್ಟು ಕೂಗಾ? ನಿನ್ ತಂಗಿ ನಡೆದಾಗ್ಲೂ ಹಿಂಗೆ ಕೂಗಿರ್ಲಿಲ್ವಲ್ಲೋ" ಎಂದ. ಹೋಗುವಾಗ ಮಾತ್ರ ಇನ್ನೊಂದು ಸಲ ತಿರುಗಿ ಬಂದು ನೋಡಿದ.

ಆಮೇಲಿನ ತಿಂಗಳುಗಳಲ್ಲಿ ಸುಧಾ ತನ್ನ ಸೀಸೆಗಳನ್ನೆಲ್ಲ ತೆಗೆದುಕೊಂಡು ಹೋಗಿ ನೋಡಿದಳು. ನನಗೆ ಅರ್ಥವಾದಷ್ಟು ಇಷ್ಟು. ಆ ಮಂಗಳವಾರದ ಮುಂಚೆ ಹಿಡಿದವುಗಳಲ್ಲಿ ಕಾಲಿಗೆ ಸೇರಿದ ಜೀನುಗಳು ಆಗಲೇ ಎದ್ದಿದ್ದವು. ಆಮೇಲೆ ಹಿಡಿದವುಗಳಲ್ಲಿ ಅವೇ ಜೀನುಗಳು ಇದ್ದವು, ಅಕ್ಷರ ಒಂದೂ ಕೆಟ್ಟಿರಲಿಲ್ಲ, ಆದರೆ ದನಿ ಕುಗ್ಗಿತ್ತು. ಬೇಸಿನ್‌ನಲ್ಲಿ ಒಳ್ಳೆಯ ನೀರಿಗೆ ಬಂದವುಗಳಲ್ಲಿ ಕೆಲವಕ್ಕೆ ದನಿ ತಡವಾಗಿ ವಾಪಸು ಬಂದಿತ್ತು. "ಹತ್ತಿ ತೆಗೆದ್ರೆ ಕೇಳಿಸ್ತದೆ ಅಣ್ಣ. ಎಲ್ಲಕ್ಕೂ ಅಲ್ಲ, ಕೆಲವಕ್ಕೆ. ಬೇಗ ತೆಗೀಬೇಕು ಅಷ್ಟೆ" ಎಂದಳು ಫೋನಿನಲ್ಲಿ. ಅವಳ ಓದು ನಿಲ್ಲಲಿಲ್ಲ. ಗಡುವಿನೊಳಗೇ ಮುಗಿಯಿತು. ನಡೆದದ್ದು ನಡೆದ ಹಾಗೆಯೇ ಅದರಲ್ಲಿ ಬರೆದಿದ್ದಾಳಂತೆ, ಕುರಿಯನ್ನೂ ಬಕೆಟ್ಟನ್ನೂ ಬಿಡದೆ.

ಮುಂದಿನ ಬೇಸಿಗೆಗೆ ನಾನು ಕಾವಲಿನ ಇಳಿಜಾರಿನಲ್ಲಿ, ಕಟ್ಟೆಗೂ ಬಾವಿಗೂ ದೂರವಾಗಿ, ಕುರಿ ತೊಳೆಯಲು ಒಂದು ಉದ್ದ ತೊಟ್ಟಿ ಕಟ್ಟಿದೆ. ಎಲ್ಲಿ ಕಟ್ಟಬೇಕು, ತೊಳೆದ ನೀರು ಯಾವ ಗುಂಡಿಗೆ ಹೋಗಬೇಕು ಎಂದು ನೋಡಿ ಗುರುತು ಹಾಕಿಕೊಟ್ಟವಳು ಸುಧಾ. ಕಲ್ಲು ಹೊರಲು ಎಲ್ಲರಿಗಿಂತ ಮೊದಲು ಬಂದವನು ತಿಪ್ಪಣ್ಣ. "ನಾನು ಮಾತು ಕೊಟ್ರೆ ಕೊಟ್ಟಂಗೆ. ನಿನ್ ಥರ ಅಲ್ಲ" ಎಂದು ಪ್ರತಿ ಕಲ್ಲಿಗೂ ಒಂದು ಸಲ ಹೇಳಿದ. ನಾನು ಒಪ್ಪಿಕೊಂಡು ಹೊತ್ತೆ. ಈಗ ಔಷಧಿ ಬೇಕಾದಷ್ಟೇ ಕಲಸುತ್ತೇವೆ, ಉಳಿಸುವುದಿಲ್ಲ. ಬಕೆಟ್ ಜಾಲಿಸಿದ ನೀರನ್ನೂ ಮುಂದಿನ ಕುರಿಗೇ ಹಚ್ಚುತ್ತೇವೆ.

ಸುಧಾ ಆ ನೋಟ್‌ಬುಕ್ಕನ್ನು ನನಗೇ ಬಿಟ್ಟುಹೋದಳು. ಅವಳೀಗ ಮೈಸೂರಿನಲ್ಲಿ ಪಾಠ ಹೇಳುತ್ತಾಳೆ, ಆದರೂ ಕಟ್ಟೆಯ ಕೆಲಸ ನಿಂತಿಲ್ಲ. ಮಳೆ ಬಿದ್ದ ದಿನದಿಂದ ಕಪ್ಪೆ ದಡ ಹತ್ತುವವರೆಗೆ ದಿನಕ್ಕೊಂದು ಸಾಲು ಬರೆಯುವುದು ನನ್ನ ಪಾಲು. ಹೆಚ್ಚಿನ ದಿನ ಒಂದೇ ಸಾಲು: ಇವತ್ತು ಕುರಿ ಇಳಿದಿಲ್ಲ. ಹೋದ ವರ್ಷ ಒಂದು ದಿನ ನನ್ನವೇ ಎರಡು ಮೇಕೆ ತಪ್ಪಿಸಿಕೊಂಡು ನೀರಿಗೆ ಇಳಿದವು. ಔಷಧಿ ಹಚ್ಚಿರಲಿಲ್ಲ, ಯಾರೂ ನೋಡಿರಲಿಲ್ಲ. ಅದನ್ನೂ ಬರೆದೆ.

ಕಳೆದ ವಾರ ಅಂಗಡಿಯಿಂದ ಔಷಧಿ ತೆಗೆದುಕೊಂಡೇ ಬಂದೆ, ಉಣುಗು ಈ ವರ್ಷವೂ ಇದೆ. ಸಂಜೆ ಸುಧಾ ಫೋನು ಮಾಡಿ ಎಂದಿನ ಹಾಗೆ "ಓದು ಅಣ್ಣ" ಎಂದಳು.

"ಇವತ್ತು ಕಡೂರಿಂದ ಔಷಧಿ ತಂದೆ. ವಾಸನೆಗೆ ಅಂಗಡಿ ಮೆಟ್ಟಿಲು ಇಳಿದು ರಸ್ತೆಗೆ ಬಂದೆ. ಕುರಿ ಇಳಿದಿಲ್ಲ" ಎಂದು ಓದಿದೆ.

"ಮತ್ತೆ?"

"ಮುಂಗಾಲು ಬಂದಿದಾವೆ. ಕರಿಕಲ್ಲು ಪಕ್ಕ ಕಣ್ಣು ಹಾಯ್ಸಿದಷ್ಟೂ ಅವೇ. ಬಾಲ ಮಾತ್ರ ಇನ್ನೂ ಹಂಗೇ ಐತೆ ಕಣೇ."

"ಇರ್ಲಿ ಬಿಡು" ಎಂದಳು. "ಬಾಲಕ್ಕೂ ಸಿಳ್ಳೆ ಬಿದ್ದಿರುತ್ತೆ. ನಾಳೆ ಹೋಗಿ ನೋಡು."